ಬಂಡೆಯ ಮೇಲಿನ ಕೈಬರಹ

ಅಚ್ಚಿನ ಅಕ್ಷರಗಳಲ್ಲಿ ಕೈಬರಹದಂತೆ ತೋರುವವುಗಳಿಗೆ ಇಂದು ವಿಶೇಷ ಮನ್ನಣೆ. ಅಂಗಡಿಯ ಫಲಕ, ಲಗ್ನಪತ್ರಿಕೆ, ಮಕ್ಕಳ ಪುಸ್ತಕ, ಎಲ್ಲೆಡೆ ತುಸು ವಾಲಿದ, ತುಸು ಕುಣಿಯುವ ಅಕ್ಷರಗಳನ್ನು ಕಾಣುತ್ತೇವೆ. ಇಂಗ್ಲಿಷಿನಲ್ಲಿ ಈ ಬಗೆಗೆ ಹೆಸರಾದುದು 1994ರಲ್ಲಿ ವಿನ್ಸೆಂಟ್ ಕಾನಾರ್ ಎಂಬವರು ಮೈಕ್ರೋಸಾಫ್ಟ್ ಸಂಸ್ಥೆಗಾಗಿ ರಚಿಸಿದ ‘ಕಾಮಿಕ್ ಸಾನ್ಸ್’. ಚಿತ್ರಕತೆಗಳಲ್ಲಿ ಪಾತ್ರಗಳ ಮಾತನ್ನು ಬರೆಯುವ ಕೈಬರಹವೇ ಅದಕ್ಕೆ ಮಾದರಿ. ಕನ್ನಡದಲ್ಲಿಯೂ ಎಕ್ ಟೈಪ್ ಬಳಗದವರ ‘ಬಾಲೂ ತಮ್ಮ’ದಂಥ ದುಂಡು ಮೈಯ, ಸಲಿಗೆಯ ಅಕ್ಷರಗಳು ಬಂದಿವೆ. ಇದೆಲ್ಲ ಹೊಸ ಕಾಲದ ಹುಡುಗಾಟವೆಂದು ಮೂಗು ಮುರಿಯುವವರುಂಟು. ಆದರೆ ಅಕ್ಷರದ ಈ ಸಲಿಗೆ ನಮ್ಮ ಸೀಮೆಯ ಬಂಡೆಗಳಷ್ಟು ಹಳೆಯದೆಂದು ನಾನು ತಿಳಿಯುತ್ತೇನೆ.

ಸಿಂಧನೂರು ಲಿಂಗಸುಗೂರುಗಳ ನಡುವಣ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಸಿ. ಬೀಡನ್ ಎಂಬವನು ಬಂಡೆಯ ಮೇಲಿನ ಬ್ರಾಹ್ಮೀ ಬರಹವನ್ನು ಕಂಡನು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿತ್ತೇ ಹೊರತು ಅಶೋಕನೆಂಬ ಹೆಸರಿರಲಿಲ್ಲ; ಮಸ್ಕಿಯ ಕಲ್ಲು ಅದನ್ನು ನುಡಿಯಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಉತ್ತರದ ಸ್ತಂಭಶಾಸನಗಳಲ್ಲಿರುವ ತಿದ್ದಿದ ಓರಣವನ್ನು ಇಲ್ಲಿ ಅರಸಬಾರದು. ಇಲ್ಲಿಯದು ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಂಡು ನಡೆದ ಕೈ.

ಆ ಕೈ ಯಾರದೆಂದು ಮಸ್ಕಿ ಹೇಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮಾತ್ರ ಲಿಪಿಕಾರ ಚಪಡ ತನ್ನ ಹೆಸರನ್ನು ಬಿಟ್ಟಿದ್ದಾನೆ. ಅಷ್ಟೇ ಅಲ್ಲ, ‘ಲಿಪಿಕಾರ’ನೆಂಬ ಮಾತನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ದೇಶದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆ ಮುಗಿದ ಮೇಲೆ ಸಿಕ್ಕ ಇಷ್ಟಗಲ ಜಾಗದಲ್ಲಿ ಒಬ್ಬ ನೌಕರ ತೋರಿದ ಬಿಂಕವದು. ಆಂಧ್ರದ ಎರ್ರಗುಡಿಯಲ್ಲಿಯಂತೂ ಕೆಲವು ಸಾಲುಗಳು ಹೊಲ ಉಳುವ ಎತ್ತಿನಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುತ್ತವೆ.

ಕನ್ನಡದ ಮೊದಲ ಪತ್ರಿಕೆಯೂ ಕಲ್ಲಿನಿಂದಲೇ ಹುಟ್ಟಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಮೊಳೆಗಳನ್ನು ಜೋಡಿಸುವುದಿಲ್ಲ; ಜಿಡ್ಡಿನ ಮಸಿಯಲ್ಲಿ ಬರೆದುದೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ. ಅಂದಿನ ಓದುಗ ಸುದ್ದಿಯ ಜೊತೆಗೆ ಒಬ್ಬನ ಕೈಬರಹವನ್ನೂ ಓದಿದನು.

ಹಾಗಾದರೆ ಇಂದಿನ ಗಣಕಯಂತ್ರದ ಕೈಬರಹಕ್ಕೆ ಕೊರತೆಯೇನು? ಒಮ್ಮೆ ಬರೆದ ‘ಅ’ವನ್ನು ಅದು ಸಾವಿರ ಸಲ ಹಾಗೆಯೇ ಒಪ್ಪಿಸುತ್ತದೆ, ಮನುಷ್ಯನ ಕೈ ಎರಡು ಸಲವೂ ಒಂದೇ ‘ಅ’ ಬರೆಯದು. ಜಾಣ ವಿನ್ಯಾಸಕರು ಒಂದಕ್ಷರಕ್ಕೆ ಎರಡು ಮೂರು ರೂಪ ಕೊಟ್ಟು ಈ ಗುಟ್ಟನ್ನು ಮರೆಸುತ್ತಾರೆ. ಅದು ತಪ್ಪಲ್ಲ; ನಗುವ ಅಕ್ಷರ ಮಗುವನ್ನು ಓದಿಗೆ ಕರೆಯುವುದಾದರೆ ಕರೆಯಲಿ. ಆದರೆ ಊರಿನ ಗೋಡೆಗಳಿಂದ ಫಲಕ ಬರೆಯುವವನ ಕುಂಚ ಹಿಂಜರಿಯುತ್ತಿರುವಾಗ, ತರಗತಿಯ ಹುಡುಗರು ಲೇಖನಿಯನ್ನು ಪರೀಕ್ಷೆಗಷ್ಟೇ ಹಿಡಿಯುವಾಗ, ಕೈಬರಹದ ಸೋಗು ಮಾತ್ರ ಉಳಿದು ಕೈ ಹೋದರೆ ನಷ್ಟ ನಮ್ಮದೇ. ಚಪಡನ ಅಧಿಕಾರಿ ಯಾರೋ ಕಾಣೆವು. ಅವನ ಬರಹದಿಂದ ಅವನನ್ನು ಬಲ್ಲೆವು.