ಯಂತ್ರ ಹಳತಾದರೂ ಆಟ ಉಳಿಯಲಿ: ವಿಡಿಯೋ ಗೇಮ್ ಯಂತ್ರಗಳ ಅರ್ಧ ಶತಮಾನ

ಒಂದು ಶಿಲಾಶಾಸನವನ್ನು ಓದಬೇಕಾದರೆ ಹಳೆಯ ಲಿಪಿಯೂ ಭಾಷೆಯೂ ತಿಳಿದಿದ್ದರೆ ಸಾಕು. ಓಲೆಗರಿಯ ವಿಷಯವೂ ಹಾಗೆಯೇ. ಶತಮಾನಗಳು ಕಳೆದರೂ ಅಕ್ಷರ ಕಣ್ಣಿಗೆ ಕಾಣುತ್ತದೆ. ಆದರೆ 1985ರಲ್ಲಿ ತಯಾರಾದ ಒಂದು ವಿಡಿಯೋ ಗೇಮ್ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನೋಡಿದರೂ ಅದರೊಳಗಿನ ಆಟ ಕಾಣುವುದಿಲ್ಲ. ಅದಕ್ಕೆ ತಕ್ಕ ಯಂತ್ರ ಬೇಕು, ಯಂತ್ರಕ್ಕೆ ತಕ್ಕ ಟಿ.ವಿ. ಬೇಕು, ಕೈಗೆ ತಕ್ಕ ಕಂಟ್ರೋಲರ್ ಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಆಟ ನಿಂತುಹೋಗುತ್ತದೆ.

ವಿಡಿಯೋ ಗೇಮ್ ಎಂದರೆ ಸಮಯ ಹಾಳು ಮಾಡುವ ವಸ್ತು, ಅದಕ್ಕೆಂಥ ಇತಿಹಾಸ ಎಂದು ಹಿರಿಯರು ಕೇಳಬಹುದು. ಸಿನಿಮಾ ಹುಟ್ಟಿದ ಹೊಸತರಲ್ಲಿಯೂ ಹಾಗೆಯೇ ಕೇಳುತ್ತಿದ್ದರು. ಆ ಉದಾಸೀನದಿಂದ ಎಷ್ಟೋ ಮೂಕಿ ಚಿತ್ರಗಳು ಶಾಶ್ವತವಾಗಿ ಕಳೆದುಹೋದವು. ಇಂದು ಅದೇ ಸ್ಥಿತಿ ಆಟಗಳಿಗೆ ಬಂದಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಐವತ್ತು ವರ್ಷಗಳ ಇತಿಹಾಸವೇ ಹೀಗೆ ಕೈತಪ್ಪುತ್ತಿದೆ. ಹಳೆಯ ಆಟಗಳ ಅಭಿಮಾನಿಯೊಬ್ಬನ ದೃಷ್ಟಿಯಿಂದ ಈ ಇತಿಹಾಸವನ್ನು ಇಲ್ಲಿ ನೋಡೋಣ.

ತಿರುಗುವ ಗುಂಡಿಯಿಂದ ಕೋಲಿನವರೆಗೆ

ಟಿ.ವಿ.ಯನ್ನು ನೋಡುವುದಷ್ಟೇ ಅಲ್ಲ, ಅದರೊಡನೆ ಆಡಲೂ ಬಹುದು ಎಂದು ಗಂಭೀರವಾಗಿ ಯೋಚಿಸಿದವರಲ್ಲಿ ರಾಲ್ಫ್ ಬೇರ್ ಮೊದಲಿಗರ ಸಾಲಿನವರು. ಜರ್ಮನಿಯ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ, 1938ರಲ್ಲಿ, ಅಮೆರಿಕಕ್ಕೆ ಬಂದು ನೆಲೆಸಿದ ಈ ಎಂಜಿನಿಯರ್ 1966ರಲ್ಲಿ ತಮ್ಮ ಕಲ್ಪನೆಯನ್ನು ಕಾಗದಕ್ಕಿಳಿಸಿದರು. ಅದರ ಫಲವಾಗಿ 1972ರಲ್ಲಿ ಮ್ಯಾಗ್ನಾವಾಕ್ಸ್ ಕಂಪನಿ 'ಒಡಿಸ್ಸಿ' ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಮೊದಲ ವಿಡಿಯೋ ಗೇಮ್ ಯಂತ್ರ ಇದೇ. ಇದರಲ್ಲಿ ಶಬ್ದವಿರಲಿಲ್ಲ, ಬಣ್ಣವಿರಲಿಲ್ಲ. ಪರದೆಯ ಮೇಲೆ ಬೆಳಕಿನ ಚುಕ್ಕೆಗಳು ಚಲಿಸುತ್ತಿದ್ದವು. ಆಟದ ಅಂಕಣ ತೋರಿಸಲು ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿ.ವಿ. ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ಚುಕ್ಕೆಯನ್ನು ಸರಿಸಲು ರೇಡಿಯೋದಲ್ಲಿರುವಂಥ ತಿರುಗುವ ಗುಂಡಿಗಳಿದ್ದವು.

ಅದೇ ವರ್ಷ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ 'ಪಾಂಗ್' ಎಂಬ ಆಟವನ್ನು ರೂಪಿಸಿದರು. 1976ರಲ್ಲಿ ಬಂದ ಫೇರ್‌ಚೈಲ್ಡ್ 'ಚಾನೆಲ್ ಎಫ್' ಯಂತ್ರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜೆರ್ರಿ ಲಾಸನ್ ಅವರ ನೇತೃತ್ವದ ತಂಡ ರೂಪಿಸಿದ ಇದರಲ್ಲಿ ಪ್ರತಿ ಆಟದ ಪ್ರೋಗ್ರಾಂ ಬೇರೆ ಬೇರೆ ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು. ಯಂತ್ರ ಒಂದು, ಆಟ ಹಲವು ಎಂಬ ಪದ್ಧತಿ ಹೀಗೆ ಆರಂಭವಾಯಿತು.

ಈ ಪದ್ಧತಿಯನ್ನು ಮನೆಮಾತಾಗಿಸಿದ್ದು 1977ರ ಅಟಾರಿ ಯಂತ್ರ. ಮುಂದೆ ಅದಕ್ಕೆ 'ಅಟಾರಿ 2600' ಎಂಬ ಹೆಸರು ಬಂದಿತು. ಅದರ ಕೆಲಸದ ಸ್ಮೃತಿ ಕೇವಲ 128 ಬೈಟ್. ಇಂದಿನ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಅಟಾರಿಯ ಸ್ಮೃತಿಯಲ್ಲಿ 42 ಚಿಹ್ನೆಗಳು ಹಿಡಿಸಿಯಾವು, ಅಂದರೆ ಹೆಚ್ಚೆಂದರೆ ಒಂದು ಸಣ್ಣ ವಾಕ್ಯ! ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಆಗಿನ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವು ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಹರಿದು ಚಿತ್ರ ಬರೆಯುತ್ತಿತ್ತು. ಆ ಕಿರಣ ಪ್ರತಿ ಸಾಲಿಗೆ ಬರುವಷ್ಟರಲ್ಲಿ ಅಲ್ಲಿಗೆ ಬೇಕಾದ ಚಿತ್ರವನ್ನು ಪ್ರೋಗ್ರಾಂ ಸಿದ್ಧಮಾಡಿ ಒದಗಿಸಬೇಕಿತ್ತು. ಪಂಕ್ತಿಯ ಊಟದಲ್ಲಿ ಬಡಿಸುವವರ ಮುಂದೆ ಮುಂದೆ ಎಲೆ ಹಾಕುತ್ತ ಓಡುವವನ ಕೆಲಸದಂತೆ ಇದು. ಹಳೆಯ ಆಟಗಳು ಎಷ್ಟರಮಟ್ಟಿಗೆ ಆ ಕಾಲದ ಟಿ.ವಿ.ಗೆ ಕಟ್ಟುಬಿದ್ದಿದ್ದವು ಎಂಬುದನ್ನು ಇದರಿಂದ ತಿಳಿಯಬಹುದು.

ಅಟಾರಿಯ ಕಂಟ್ರೋಲರ್ ಒಂದು ಕೋಲು ಮತ್ತು ಒಂದು ಕೆಂಪು ಗುಂಡಿ, ಅಷ್ಟೆ. ಕಲಿಯಲು ಬಹಳ ಸುಲಭ. ಆದರೆ ಹೆಚ್ಚು ಹೊತ್ತು ಆಡಿದರೆ ಮಣಿಕಟ್ಟು ನೋಯುತ್ತದೆ.

1983ರಲ್ಲಿ ಅಮೆರಿಕದ ಈ ಉದ್ಯಮ ಕುಸಿದುಬಿದ್ದಿತು. ಅವಸರದಲ್ಲಿ ತಯಾರಾದ ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿಬಿದ್ದವು. ಅದೇ ವರ್ಷ ಅಟಾರಿ ಕಂಪನಿ ನ್ಯೂ ಮೆಕ್ಸಿಕೋ ರಾಜ್ಯದ ಆಲಮಗಾರ್ಡೊ ಊರಿನ ಕಸದ ಗುಂಡಿಯಲ್ಲಿ ತನ್ನ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಹೂಳಿಸಿತು. 2014ರಲ್ಲಿ ಆ ಜಾಗವನ್ನು ಅಗೆದಾಗ ಅವು ನಿಜಕ್ಕೂ ಸಿಕ್ಕವು. ಆಟಗಳಿಗೂ ಉತ್ಖನನ ಬೇಕಾಗುವ ಕಾಲ ಇಷ್ಟು ಬೇಗ ಬಂದಿತು!

ಕೂಡುವ ಚಿಹ್ನೆಯ ಗುಂಡಿ

ಉದ್ಯಮಕ್ಕೆ ಮರುಜೀವ ಬಂದಿದ್ದು ಜಪಾನಿನಿಂದ. ಅಲ್ಲಿನ ನಿಂಟೆಂಡೊ ಕಂಪನಿಯ ಗುನ್‌ಪೈ ಯೊಕೊಯ್ 1982ರಲ್ಲಿ ಅಂಗೈಯಗಲದ ಆಟವೊಂದಕ್ಕಾಗಿ ಕೂಡುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯನ್ನು ಅಳವಡಿಸಿದರು. ಎಡ, ಬಲ, ಮೇಲೆ, ಕೆಳಗೆ, ಈ ನಾಲ್ಕು ದಿಕ್ಕುಗಳನ್ನೂ ಹೆಬ್ಬೆರಳೊಂದೇ ನಿಭಾಯಿಸುವಂತಾಯಿತು. 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆಯಾದ 'ಫ್ಯಾಮಿಕಾಮ್' ಯಂತ್ರದ ಕಂಟ್ರೋಲರಿನಲ್ಲಿ ಇದೇ ಗುಂಡಿ ಬಂದಿತು. ಮಸಯುಕಿ ಉಎಮುರ ಅವರು ರೂಪಿಸಿದ ಈ ಯಂತ್ರ ಅಮೆರಿಕದಲ್ಲಿ 1985ರಿಂದ 'ಎನ್.ಇ.ಎಸ್.' ಎಂಬ ಹೆಸರಿನಲ್ಲಿ ಮಾರಾಟವಾಯಿತು. ಜಗತ್ತಿನಾದ್ಯಂತ ಖರ್ಚಾದ ಯಂತ್ರಗಳ ಸಂಖ್ಯೆ 6 ಕೋಟಿಗಿಂತ ಹೆಚ್ಚು.

1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಒಟ್ಟು ಗಾತ್ರ ಕೇವಲ 40 ಕಿಲೋಬೈಟ್. ಸ್ಥಳ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿದ್ದಾರೆ. ಇದ್ದುದರಲ್ಲಿಯೇ ಸಂಸಾರ ತೂಗಿಸುವ ಈ ಜಾಣ್ಮೆಯನ್ನು ಇಂದಿನ ತಂತ್ರಜ್ಞಾನ ವಿದ್ಯಾರ್ಥಿಗಳು ಅವಶ್ಯವಾಗಿ ಗಮನಿಸಬೇಕು.

ಮುಂದಿನ ಬೆಳವಣಿಗೆಗಳು ವೇಗವಾಗಿ ನಡೆದವು. 1990ರ ಸೂಪರ್ ಫ್ಯಾಮಿಕಾಮ್ ಕಂಟ್ರೋಲರಿನ ಬಲಗಡೆ ನಾಲ್ಕು ಗುಂಡಿಗಳು ಬಂದವು, ತೋರುಬೆರಳುಗಳಿಗೆಂದು ಮೇಲಂಚಿನಲ್ಲಿ ಎರಡು ಸೇರಿದವು. ಮೂರು ಆಯಾಮದ ಆಟಗಳಿಗೆಂದು 1996ರ ನಿಂಟೆಂಡೊ 64 ಹೆಬ್ಬೆರಳಿನ ಪುಟ್ಟ ಕೋಲನ್ನು ತಂದಿತು. ಎಷ್ಟು ಒತ್ತಿದರೆ ಅಷ್ಟು ವೇಗ ಎಂಬ ಸೂಕ್ಷ್ಮ ಅದರಿಂದ ಸಾಧ್ಯವಾಯಿತು. 1997ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್‌ಗೆ ಬಂದ 'ಡ್ಯುಯಲ್‌ಶಾಕ್' ಎರಡು ಕೋಲುಗಳನ್ನೂ ಕಂಪನವನ್ನೂ ಒಂದುಗೂಡಿಸಿತು. ಇಂದಿನ ಕಂಟ್ರೋಲರುಗಳ ಮೂಲವಿನ್ಯಾಸ ಬಹುಮಟ್ಟಿಗೆ ಅದೇ. ಆದರೂ ಎರಡು ಆಯಾಮದ ಆಟಗಳಿಗೆ ಸೂಪರ್ ಫ್ಯಾಮಿಕಾಮ್ ಕಂಟ್ರೋಲರಿನಷ್ಟು ಹಿತವಾದುದು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಅಗತ್ಯಕ್ಕಿಂತ ಒಂದು ಗುಂಡಿಯೂ ಅದರಲ್ಲಿ ಹೆಚ್ಚಿಲ್ಲ.

ನಮ್ಮ ಪೇಟೆಗೆ ಬಂದ ಬಗೆ

1990ರ ದಶಕದಲ್ಲಿ ಕರ್ನಾಟಕದ ನಗರ, ಪಟ್ಟಣಗಳಲ್ಲಿ ಬೆಳೆದ ಅನೇಕರು ಆಡಿದ್ದು ಅಸಲಿ ಫ್ಯಾಮಿಕಾಮ್ ಅಲ್ಲ. ತೈವಾನ್, ಚೀನಾ ಕಡೆಯಿಂದ ಬಂದ ಅದರ ನಕಲುಗಳನ್ನು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆಗಳಲ್ಲಿ ಇವು 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ಸಿಗುತ್ತಿದ್ದವು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿದ್ದರೂ ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು, ಅವೇ ಮತ್ತೆ ಮತ್ತೆ. ಕೊಳ್ಳಲಾಗದವರು ಗಂಟೆಗಿಷ್ಟೆಂದು ಹಣ ತೆತ್ತು ವಿಡಿಯೋ ಗೇಮ್ ಅಂಗಡಿಗಳಲ್ಲಿ ಆಡುತ್ತಿದ್ದರು. 'ಕಾಂಟ್ರಾ' ಆಟದಲ್ಲಿ 30 ಜೀವ ಪಡೆಯಲು ಒತ್ತಬೇಕಾದ ಗುಂಡಿಗಳ ಸರಣಿ (ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ) ಪುಸ್ತಕದ ನೆರವಿಲ್ಲದೆ ಬಾಯಿಂದ ಬಾಯಿಗೆ ಹರಡಿತು. ಕಾನೂನಿನ ಕಣ್ಣಿನಲ್ಲಿ ಈ ನಕಲು ಕ್ಯಾಸೆಟ್ಟುಗಳು ತಪ್ಪು; ಆದರೆ ಆ ಆಟಗಳು ಇಲ್ಲಿನ ಬಹಳಷ್ಟು ಮಕ್ಕಳನ್ನು ತಲುಪಿದ್ದು ಅವುಗಳಿಂದಲೇ. ಇತಿಹಾಸಕಾರ ಈ ಎರಡನ್ನೂ ಬರೆದಿಡಬೇಕಾಗುತ್ತದೆ.

ಒಂದು ಯಂತ್ರ ಇನ್ನೊಂದರ ವೇಷ ಧರಿಸಿದಾಗ

ಯಂತ್ರಗಳು ಕೆಡುತ್ತವೆ. ಆಟದ ಪ್ರಗತಿಯನ್ನು ನೆನಪಿಡುವ ಕ್ಯಾಸೆಟ್ಟಿನೊಳಗಿನ ಪುಟ್ಟ ಬ್ಯಾಟರಿ ಬತ್ತುತ್ತದೆ. ಹಾಗಾದರೆ ಆಟವನ್ನು ಉಳಿಸುವುದು ಹೇಗೆ? ಇದಕ್ಕೆ ಉತ್ತರವೇ ಎಮ್ಯುಲೇಟರ್, ಅಂದರೆ ಒಂದು ಯಂತ್ರದ ನಡವಳಿಕೆಯನ್ನು ಇನ್ನೊಂದು ಯಂತ್ರದಲ್ಲಿ ಅನುಕರಿಸುವ ಪ್ರೋಗ್ರಾಂ.

ಇದರ ತಾತ್ತ್ವಿಕ ಬೇರು ಹಳೆಯದು. ತಕ್ಕ ಆದೇಶಗಳನ್ನು ಕೊಟ್ಟರೆ ಒಂದೇ ಯಂತ್ರ ಉಳಿದೆಲ್ಲ ಗಣನ ಯಂತ್ರಗಳನ್ನು ಅನುಕರಿಸಬಲ್ಲದೆಂದು ಅಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿದ್ದರು. ಐಬಿಎಂ ಕಂಪನಿ 1964ರಲ್ಲಿ ಪ್ರಕಟಿಸಿದ 'ಸಿಸ್ಟಂ/360' ಸರಣಿಯ ಯಂತ್ರಗಳಲ್ಲಿ ಹಳೆಯ ಯಂತ್ರಗಳ ಪ್ರೋಗ್ರಾಂಗಳನ್ನು ನಡೆಸುವ ಇಂಥ ವ್ಯವಸ್ಥೆಯಿತ್ತು. ವಿಡಿಯೋ ಗೇಮ್ ಎಮ್ಯುಲೇಟರಿನ ಕೆಲಸವೂ ಇದೇ. ಕ್ಯಾಸೆಟ್ಟಿನಿಂದ ತೆಗೆದ ಪ್ರೋಗ್ರಾಂನ ಒಂದೊಂದು ಆದೇಶವನ್ನೂ ಅದು ಓದುತ್ತದೆ. ಹಳೆಯ ಸಂಸ್ಕಾರಕ ಏನು ಮಾಡುತ್ತಿತ್ತೋ ಅದನ್ನು ತಾನು ಮಾಡಿ ತೋರಿಸುತ್ತದೆ. ಚಿತ್ರ ಮತ್ತು ಶಬ್ದದ ಭಾಗಗಳನ್ನೂ ಅದೇ ಲಯದಲ್ಲಿ ನಡೆಸುತ್ತದೆ. ತಾನು ಹಳೆಯ ಯಂತ್ರದಲ್ಲಿಯೇ ಇದ್ದೇನೆಂದು ಆಟ ನಂಬಬೇಕು.

ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಬಿಡುಗಡೆ ಮಾಡಿದ 'ಮೇಮ್' ಆರಂಭದಲ್ಲಿ ನಾಣ್ಯ ಹಾಕಿ ಆಡುವ ಆಟಗಳ ಯಂತ್ರಗಳಿಗೆ ಮೀಸಲಾಗಿತ್ತು. ಆಡುವುದಕ್ಕಿಂತ ಆ ಯಂತ್ರಗಳ ರಚನೆಯನ್ನು ದಾಖಲಿಸುವುದೇ ಅದರ ಘೋಷಿತ ಉದ್ದೇಶ. ಅದೇ ಕಾಲದ ಎನ್.ಇ.ಎಸ್. ಎಮ್ಯುಲೇಟರುಗಳು ವೇಗಕ್ಕಾಗಿ ಅಡ್ಡದಾರಿ ಹಿಡಿದವು; ಹೆಸರಾಂತ ಆಟಗಳು ನಡೆದವು, ಅಪರೂಪದವು ಎಡವಿದವು. ನಿಖರತೆಗೆ ಬೆಲೆ ತೆರಬೇಕು. ಸೂಪರ್ ಫ್ಯಾಮಿಕಾಮ್‌ನ ಸಂಸ್ಕಾರಕದ ಗರಿಷ್ಠ ವೇಗ 3.58 ಮೆಗಾಹರ್ಟ್ಸ್. ಅದನ್ನು ಕೂದಲೆಳೆಯಷ್ಟೂ ತಪ್ಪದೆ ಅನುಕರಿಸಲು 2011ರ ಸುಮಾರಿಗೆ 3 ಗಿಗಾಹರ್ಟ್ಸ್‌ನ ಗಣಕಯಂತ್ರ ಬೇಕಾಗಿತ್ತು. ಆಟವಾಡಲು ಸಾಕೆನಿಸುವ ಎಮ್ಯುಲೇಟರ್ ಬೇರೆ, ಇತಿಹಾಸಕ್ಕೆ ಸಾಕ್ಷಿಯಾಗಬಲ್ಲ ಎಮ್ಯುಲೇಟರ್ ಬೇರೆ.

ನ್ಯಾಯಾಲಯದ ಮೆಟ್ಟಿಲು

1999ರಲ್ಲಿ ಕನೆಕ್ಟಿಕ್ಸ್ ಎಂಬ ಕಂಪನಿ ಪ್ಲೇಸ್ಟೇಷನ್ ಆಟಗಳನ್ನು ಗಣಕಯಂತ್ರದಲ್ಲಿ ನಡೆಸುವ ಎಮ್ಯುಲೇಟರನ್ನು ಮಾರಿದಾಗ ಸೋನಿ ನ್ಯಾಯಾಲಯಕ್ಕೆ ಹೋಯಿತು. ಯಂತ್ರವನ್ನು ಅರ್ಥಮಾಡಿಕೊಳ್ಳಲು ಅದರ ಪ್ರೋಗ್ರಾಂ ಅನ್ನು ಪ್ರತಿಮಾಡಿ ಪರಿಶೀಲಿಸಿದ್ದು ನ್ಯಾಯಸಮ್ಮತ ಬಳಕೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು. ಸ್ವಾರಸ್ಯವೆಂದರೆ, 2018ರಲ್ಲಿ ಸೋನಿಯೇ ಮಾರಿದ 'ಪ್ಲೇಸ್ಟೇಷನ್ ಕ್ಲಾಸಿಕ್' ಎಂಬ ಪುಟ್ಟ ಯಂತ್ರದೊಳಗೆ ಕೆಲಸ ಮಾಡುವುದು ಹವ್ಯಾಸಿಗಳು ಬೆಳೆಸಿದ ಮುಕ್ತ ಎಮ್ಯುಲೇಟರ್!

ಆದರೆ ಎಮ್ಯುಲೇಟರ್ ಒಂದು, ಅದರಲ್ಲಿ ನಡೆಯುವ ಆಟದ ಪ್ರತಿ ಇನ್ನೊಂದು. ಆಟದ ಹಕ್ಕುಸ್ವಾಮ್ಯ ಹಕ್ಕುದಾರರದೇ; ಅಂತರಜಾಲದಿಂದ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವುದು ಸಂರಕ್ಷಣೆಯಾಗದು. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮಿನಂತೆ, ಪ್ರೋಗ್ರಾಂನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ನಾಶವಾಗದಂತೆ ರಕ್ಷಣೆಗೆ ಪ್ರತಿ ಮಾಡಿಕೊಳ್ಳಬಹುದು. ಇತ್ತ ಹಕ್ಕುದಾರರ ನಡೆಯೂ ಪ್ರಶ್ನಾರ್ಹವೇ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿತು. ಗ್ರಂಥಾಲಯಗಳು ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ತೆರೆದು ತೋರಿಸಲು ಕೇಳಿದ ವಿನಾಯಿತಿಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು. ಮಾರುವುದೂ ಇಲ್ಲ, ಓದಲು ಬಿಡುವುದೂ ಇಲ್ಲ ಎಂದರೆ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಎಮ್ಯುಲೇಟರ್ ಉಳಿಸಲಾರದ್ದು

ಎಮ್ಯುಲೇಟರ್ ಎಲ್ಲವನ್ನೂ ಉಳಿಸಲಾರದು. ನಕಲು ಯಂತ್ರಗಳೊಡನೆಯೂ ಬರುತ್ತಿದ್ದ ಬೆಳಕಿನ ಬಂದೂಕನ್ನೇ ನೋಡಿ. ಕುದುರೆ ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಗುರಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಬಾಯಲ್ಲಿರುವ ಬೆಳಕಿನ ಸಂವೇದಕ ಅದನ್ನು ಕಂಡರೆ ಹಕ್ಕಿ ಬೀಳುತ್ತದೆ. ಈ ಲೆಕ್ಕಾಚಾರವೆಲ್ಲ ಹಳೆಯ ಗಾಜಿನ ಕೊಳವೆಯ ಟಿ.ವಿ.ಯನ್ನು ನೆಚ್ಚಿದ್ದು. ಇಂದಿನ ಚಪ್ಪಟೆ ಟಿ.ವಿ.ಯಲ್ಲಿ ಚಿತ್ರ ಮೂಡುವ ರೀತಿ ಬೇರೆ, ತುಸು ವಿಳಂಬವೂ ಉಂಟು. ಆ ಬಂದೂಕು ಅದರೆದುರು ಕುರುಡು. ಹಾಗೆಯೇ ಮೊಬೈಲಿನ ನುಣುಪು ಗಾಜಿನ ಮೇಲೆ ಮಾರಿಯೊ ಆಡಿದವರಿಗೆ ಹೆಬ್ಬೆರಳಿನಡಿ ಗುಂಡಿಯ ಅಂಚು ಸಿಗುವುದಿಲ್ಲ. ನೆಗೆತದ ಅಳತೆ ಕಣ್ಣಿಗಿಂತ ಕೈಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಎರಡೂ ಬೇಕು: ಪ್ರೋಗ್ರಾಂ ಉಳಿಸಲು ನಿಖರ ಎಮ್ಯುಲೇಟರ್, ಅನುಭವ ಉಳಿಸಲು ಕೆಲಸ ಮಾಡುವ ಮೂಲ ಯಂತ್ರ. ಅಮೆರಿಕದ ರಾಚೆಸ್ಟರ್ ನಗರದ ಸ್ಟ್ರಾಂಗ್ ವಸ್ತುಸಂಗ್ರಹಾಲಯ ಯಂತ್ರಗಳನ್ನು ಸಂಗ್ರಹಿಸುತ್ತಿದೆ. ಫ್ಯಾಮಿಕಾಮ್ ರೂಪಿಸಿದ ಉಎಮುರ ಅವರು ನಿವೃತ್ತಿಯ ನಂತರ ಕ್ಯೋಟೋದ ರಿತ್ಸುಮೈಕಾನ್ ವಿಶ್ವವಿದ್ಯಾಲಯದಲ್ಲಿ ಆಟಗಳ ಅಧ್ಯಯನ, ಸಂರಕ್ಷಣೆಗಳಲ್ಲಿ ತೊಡಗಿದ್ದರು. 2021ರಲ್ಲಿ ಅವರು ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಈ ಕೆಲಸದಲ್ಲಿ ನಿಮಗೂ ಪಾಲಿದೆ. ಅಟ್ಟದ ಮೇಲಿನ ಹಳೆಯ ಟಿ.ವಿ. ಗೇಮ್ ಗುಜರಿಗೆ ಹೋಗುವ ಮುನ್ನ ಅದರ ಚಿತ್ರ ತೆಗೆದು, ಕೊಂಡ ವರ್ಷ, ಊರು, ಬೆಲೆಗಳನ್ನು ಮನೆಯವರಿಂದ ಕೇಳಿ ಬರೆದಿಡಿ. ನಿಮ್ಮ ಊರಿನ ವಿಡಿಯೋ ಗೇಮ್ ಅಂಗಡಿ ಎಲ್ಲಿತ್ತು, ಯಾರು ಬರುತ್ತಿದ್ದರು, ಯಾವಾಗ ಮುಚ್ಚಿತು ಎಂಬುದನ್ನು ಆಗ ಆಡಿದವರು ಇನ್ನೂ ಹೇಳಬಲ್ಲರು. ಜಪಾನಿನ ಯಂತ್ರದ ಇತಿಹಾಸವನ್ನು ಜಪಾನಿನವರು ಬರೆದಾರು. ನಮ್ಮ ಬೀದಿಯಲ್ಲಿ ಅದು ಹೇಗೆ ಬಾಳಿತೆಂಬುದನ್ನು ನಾವೇ ಬರೆಯಬೇಕು.

ಚರ್ಚೆಗೆ

1. ಹಕ್ಕುದಾರರು ಮಾರಾಟ ನಿಲ್ಲಿಸಿದ ಆಟವನ್ನು ಗ್ರಂಥಾಲಯ ಉಳಿಸಿಕೊಡುವುದು ಸರಿಯೇ? ಎರಡೂ ಕಡೆಯ ವಾದಗಳನ್ನು ಬರೆಯಿರಿ.
2. ಅಟಾರಿಯ 128 ಬೈಟ್ ಸ್ಮೃತಿಯ ಮಿತಿ ಆಟದ ರೂಪವನ್ನು ಹೇಗೆ ನಿರ್ಧರಿಸಿತು?
3. ನಿಮ್ಮ ಊರಿನಲ್ಲಿ 1990ರ ದಶಕದಲ್ಲಿ ಟಿ.ವಿ. ಗೇಮ್ ಆಡಿದ ಒಬ್ಬರನ್ನು ಸಂದರ್ಶಿಸಿ ಒಂದು ಪುಟದ ವರದಿ ಸಿದ್ಧಪಡಿಸಿ.