ಹೊಸ ಕಕ್ಕಸ್ಸು, ಹಳೇ ಮೋರಿ

ಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ನಾವೆಲ್ಲ ಮೊಹೆಂಜೊದಾರೋ ಓದಿದ್ದೇವೆ. ಮನೆಮನೆಗೂ ಬಚ್ಚಲು, ಬಚ್ಚಲಿನಿಂದ ಬೀದಿ ಮೋರಿಗೆ ಇಟ್ಟಿಗೆಯ ಕಾಲುವೆ, ಮೋರಿಯ ಮೇಲೆ ಮುಚ್ಚಳ. ಬರೆದೆವು, ಪಾಸಾದೆವು. ಆ ಮುಚ್ಚಳವನ್ನು ಎತ್ತುವಂತೆ ಮಾಡಿದ್ದು ಯಾಕೆ, ನಡುನಡುವೆ ಹೂಳು ನಿಲ್ಲುವ ಗುಂಡಿ ಕಟ್ಟಿದ್ದು ಯಾಕೆ, ಆ ಗುಂಡಿಗೆ ಕೈ ಹಾಕಿದವರು ಯಾರು ಅಂತ ಯಾವ ಮೇಷ್ಟರೂ ಕೇಳಲಿಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಆ ಮನುಷ್ಯನ ಹೆಸರು ಸಿಗೋದಿಲ್ಲ, ಬಿಡಿ. ಅವರ ಲಿಪಿಯನ್ನೇ ಇನ್ನೂ ಯಾರೂ ಓದಿಲ್ಲ. ಆದರೆ ಮುಚ್ಚಳ ಇತ್ತು ಅಂದಮೇಲೆ ಅದನ್ನು ಎತ್ತುವ ಕೈಯೂ ಇತ್ತು.

ಕಕ್ಕಸ್ಸಿನ ಚರಿತ್ರೆ ಬರೆದವರೆಲ್ಲ ಕೂರುವವನ ಕಡೆಯಿಂದ ಬರೆದಿದ್ದಾರೆ. ನಾವು ಕೊಳವೆಯ ಕಡೆಯಿಂದ ಬರೆಯಬೇಕಾಗಿದೆ.

ಮೊದಲು ಲಂಡನ್ನಿಗೆ ಹೋಗೋಣ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕಸುಬಿನವನು ಕಕ್ಕಸ್ಸಿನ ಕೆಳಗಿನ ಕೊಳವೆಯನ್ನು ಹಾವಿನಂತೆ ಬಗ್ಗಿಸಿ ಪೇಟೆಂಟ್ ಪಡೆದ. ಆ ಬಾಗಿನಲ್ಲಿ ನೀರು ನಿಂತು ಕೆಳಗಿನ ನಾತ ಮೇಲೆ ಬರದಂತೆ ತಡೆಯುತ್ತೆ. ಇವತ್ತಿಗೂ ನಮ್ಮ ಕಕ್ಕಸ್ಸುಗಳಲ್ಲಿ ಇರೋದು ಅದೇ ಉಪಾಯ. ಉಳ್ಳವರ ಮನೆಗೆ ಹೊಸ ಕಕ್ಕಸ್ಸು ಬಂತು. ಅದರ ಕೆಳಗೆ ಮಾತ್ರ ಅದೇ ಹಳೇ ಮಲದ ಗುಂಡಿ. ಊರ ಮೋರಿಗಳು ಮಳೆ ನೀರಿಗೆ ಕಟ್ಟಿದವು. ಮನೆಯ ಹೇಲನ್ನು ಅದಕ್ಕೆ ಬಿಡುವಂತಿರಲಿಲ್ಲ. 1815ರಲ್ಲಿ ಮನೆಯ ಕೊಳವೆಯನ್ನು ಮೋರಿಗೆ ಸೇರಿಸಬಹುದು ಅಂತ ಅನುಮತಿ ಸಿಕ್ಕಿತು. ಮೋರಿ ಥೇಮ್ಸ್ ನದಿಗೆ ಹೋಯಿತು, ಅದೇ ಥೇಮ್ಸ್ ನೀರನ್ನು ಕಂಪನಿಗಳು ಜನಕ್ಕೆ ಮಾರಿದವು. 1848–49ರ ಕಾಲರಾದಲ್ಲಿ ಆ ಒಂದು ನಗರದಲ್ಲೇ ಸುಮಾರು 14,000 ಜನ ಸತ್ತರು.

1854ರಲ್ಲಿ ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ನೀರು ಕುಡಿದು ಆರು ನೂರಕ್ಕೂ ಹೆಚ್ಚು ಜನ ಹೋದರು. ಜಾನ್ ಸ್ನೋ ಎಂಬ ಡಾಕ್ಟರು ಪಂಪಿನ ಹಿಡಿ ತೆಗೆಸಿದ ಕತೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಕತೆ ಕಡಿಮೆ ಜನಕ್ಕೆ ಗೊತ್ತು. ಮರುವರ್ಷ 40ನೇ ನಂಬರಿನ ಮನೆಯ ಮುಂದೆ ನೆಲ ಅಗೆದರು. ಆ ಮನೆಯಲ್ಲಿ ಒಂದು ಹಸುಗೂಸು ಬೇಧಿಯಾಗಿ ಸತ್ತಿತ್ತು. ಕೂಸಿನ ಬಟ್ಟೆ ತೊಳೆದ ನೀರನ್ನು ತಾಯಿ ಮನೆ ಮುಂದಿನ ಗುಂಡಿಗೆ ಸುರಿದಿದ್ದಳು. ಅಗೆದಾಗ ಕಂಡಿದ್ದು ಕೆಟ್ಟದಾಗಿ ಕಟ್ಟಿದ ಗುಂಡಿ, ಇಟ್ಟಿಗೆ ಸಡಿಲಾಗಿ ಹಾಳಾದ ಹಳೇ ಮೋರಿ, ಮೂರಡಿಗೂ ಕಡಿಮೆ ದೂರದಲ್ಲಿ ಕುಡಿಯುವ ನೀರಿನ ಬಾವಿ. ಒಂದು ಮನೆಯ ಕೊಳವೆ ಸರಿಯಿಲ್ಲದೆ ಹೋದರೆ ಒಂದು ಬೀದಿ ಸಾಯುತ್ತೆ. ಬಡವರು ಸಾಯುವಾಗ ಅಲುಗಾಡದ ಪಾರ್ಲಿಮೆಂಟು, 1858ರ ಬೇಸಿಗೆಯಲ್ಲಿ ನದಿಯ ನಾತ ತನ್ನ ಕಿಟಕಿಗೇ ಬಂದಾಗ ಕೆಲವೇ ವಾರಗಳಲ್ಲಿ ಕಾನೂನು ಮಾಡಿತು. ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರು ನೆಲದಡಿ ದೊಡ್ಡ ಕಾಲುವೆಗಳನ್ನು ಕಟ್ಟಿದ. ಅಲ್ಲೂ ಬಡವರೇ ಮೋರಿಗಿಳಿದರು. ಆದರೆ ಮೋರಿಗಿಳಿದವನ ಮಗನೂ ಮೋರಿಗೇ ಇಳೀಬೇಕು ಅಂತ ಅಲ್ಲಿ ಯಾವ ಶಾಸ್ತ್ರವೂ ಬರೆದಿರಲಿಲ್ಲ.

ಇಲ್ಲಿ ಬರೆದಿತ್ತು. ಹಾಗಾಗಿ ಇಲ್ಲಿ ಕೊಳವೆ ತಡವಾಗಿ ಬಂತು. ಪುಕ್ಕಟೆ ತಲೆಗಳು ಸಿಗುವಾಗ ಕೊಳವೆಗೆ ಯಾರು ದುಡ್ಡು ಹಾಕ್ತಾರೆ?

1898ರ ಪ್ಲೇಗಿನ ನಂತರ ತುಂಬಿಕೊಂಡ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆ ಸಾಲಿನ ಹಿಂದೆ ಕಿರಿದಾದ ಓಣಿಗಳಿವೆ. ಕನ್ಸರ್ವೆನ್ಸಿ ಓಣಿ ಅಂತಾರೆ. ಮುಂದೆ ರಂಗೋಲಿ, ತುಳಸಿಕಟ್ಟೆ. ಹಿಂದೆ ಜಾಡಮಾಲಿ ಬಂದು ಹೇಲು ಬಳಿದು ಹೋಗುವ ದಾರಿ. ಅವನು ಯಾರ ಕಣ್ಣಿಗೂ ಬೀಳಬಾರದು, ಕೆಲಸ ಮಾತ್ರ ಆಗಬೇಕು. ಮುಂದೆ ಒಳಚರಂಡಿ ಬಂದಾಗ ಎಷ್ಟೋ ಕಡೆ ಪೈಪು ಹೂತಿದ್ದು ಅದೇ ಓಣಿಯಲ್ಲಿ. ಪೈಪು ಕಟ್ಟಿಕೊಂಡರೆ ಬರಬೇಕಾದವನೂ ಅದೇ ಓಣಿಯಲ್ಲಿ ಬಂದ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದಿದ್ದು 1902ರಲ್ಲಿ. ಕಾರ್ಮಿಕರ ಲೈನುಗಳ ಕಕ್ಕಸ್ಸಿಗೆ ಮಾತ್ರ ದಶಕಗಟ್ಟಲೆ ಕೊಳವೆ ಬರಲಿಲ್ಲ. ಅದನ್ನು ಬಳಿಯುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿಂದಲೇ ಹೋರಾಟ ಶುರುಮಾಡಿದರು.

1970ರ ದಶಕದ ಮೊದಲಿಗೆ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದು ನಿಲ್ಲಬೇಕು ಅಂದರು. ಹಾಗಂದ ಮನುಷ್ಯ 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಕುರ್ಚಿ ಕಳಕೊಂಡರು. ಹೇಲು ಹೊರಿಸಿದ್ದಕ್ಕೆ ಹೀಗೆ ಕುರ್ಚಿ ಕಳಕೊಂಡವರನ್ನು ನಾವಂತೂ ಕಾಣೆವು.

ಬುಟ್ಟಿ ಇಳಿಯಿತು, ಸರಿ. ಹೇಲು ಎಲ್ಲಿಗೆ ಹೋಗಬೇಕು? ಮನೆಯವರು ಹುಡುಕಿದ ಸುಲಭದ ದಾರಿ ಹಳೇ ಬಚ್ಚಲ ಮೋರಿ. ಹೊಸ ಬೇಸಿನ್ ಕೂರಿಸಿ, ಬಚ್ಚಲ ಕೊಳವೆಗೆ ಗಂಟು ಹಾಕಿಬಿಟ್ಟರೆ ಆಯಿತು! ಬಚ್ಚಲ ಕೊಳವೆ ಎರಡು ಮೂರು ಇಂಚಿನದು, ಮೀಯುವ ನೀರಿಗೆ, ಮುಸುರೆಗೆ ಹಾಕಿದ್ದು. ಕಕ್ಕಸ್ಸಿಗೆ ನಾಲ್ಕು ಇಂಚು ಬೇಕು, ಹದವಾದ ಇಳಿಜಾರು ಬೇಕು, ಗಾಳಿ ಕೊಳವೆ ಬೇಕು. ಇಳಿಜಾರಿಲ್ಲದಿದ್ದರೆ ನೀರು ಮುಂದೆ ಹೋಗಿ ಹೇಲು ಹಿಂದೆ ಉಳಿಯುತ್ತೆ. ಗಾಳಿ ಕೊಳವೆ ಇಲ್ಲದಿದ್ದರೆ ಬಾಗಿನಲ್ಲಿ ನಿಂತ ನೀರನ್ನೇ ಎಳೆದುಕೊಂಡು ಹೋಗುತ್ತೆ, ನಾತ ಮನೆಯೊಳಕ್ಕೆ ಬರುತ್ತೆ. (ಹಳೇ ಎಂಜಿನಿಯರಿಂಗ್ ಪದ್ಧತಿಯಲ್ಲಿ ಬಚ್ಚಲಿಗೊಂದು ಕೊಳವೆ, ಮಲಕ್ಕೊಂದು ಕೊಳವೆ. ಗ್ಯಾಸಿನ ಭಯಕ್ಕೆ ಇಂಗ್ಲಿಷರು ಮಾಡಿದ್ದು ಅದು. ನಮ್ಮೋರಿಗೆ ಹೇಳಿಕೊಡಬೇಕಾಗಿರಲಿಲ್ಲ, ಮಡಿ ಮೈಲಿಗೆ ಮೊದಲೇ ಗೊತ್ತಿತ್ತು.) ಆ ಬಚ್ಚಲ ಮೋರಿ ಹೋಗಿ ಸೇರೋದು ಬೀದಿಯ ತೆರೆದ ಚರಂಡಿಗೆ. ಚರಂಡಿ ಹರಿಯೋದು ತಗ್ಗಿಗೆ. ತಗ್ಗಿನಲ್ಲಿ ಇರೋದು ಯಾವ ಕೇರಿ ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1993ರ ಕಾಯಿದೆ ಒಣ ಕಕ್ಕಸ್ಸನ್ನು ಮಾತ್ರ ಅಪರಾಧ ಅಂದಿತು. ನೀರು ಹಾಕುವ ಕಕ್ಕಸ್ಸು ಆ ಲೆಕ್ಕಕ್ಕೆ ಬರಲಿಲ್ಲ. ಚರಂಡಿಯಲ್ಲಿ ಅದೇ ಹೇಲನ್ನು ಅದೇ ಜನ ಬಳೀತಾ ಇದ್ದರೂ ಕಾನೂನಿಗೆ ಕಾಣಲಿಲ್ಲ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬಗಳು ತಮ್ಮ ಜಾಗದಿಂದ ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ನಿಂತವು. ಆಗಲೇ ಪೇಟೆಯ ಜನ ಮೂಗು ಮುಚ್ಚಿಕೊಂಡು ತಿರುಗಿ ನೋಡಿದ್ದು.

2013ರ ಕಾಯಿದೆಯಲ್ಲಿ ಒಂದು ಸಾಲಿದೆ, ಗೆಳೆಯರು ಅದನ್ನು ನಿಧಾನವಾಗಿ ಓದಬೇಕು. ಮಲ ಪೂರಾ ಕೊಳೆಯುವ ಮೊದಲೇ ಅದು ಬೀಳುವ ತೆರೆದ ಚರಂಡಿಯಲ್ಲೋ ಗುಂಡಿಯಲ್ಲೋ ಮನುಷ್ಯ ಅದನ್ನು ಕೈಯಿಂದ ತೆಗೆಯಬೇಕಾದರೆ, ಆ ಕಕ್ಕಸ್ಸು ಅನೈರ್ಮಲ್ಯದ ಕಕ್ಕಸ್ಸು. ಅಂದರೆ ಒಳಗೆ ಎಷ್ಟೇ ಬಿಳಿ ಟೈಲ್ಸ್ ಇರಲಿ, ಕೊಳವೆ ಹಳೇ ಮೋರಿಗೆ ಸೇರಿ, ಆ ಮೋರಿಯನ್ನು ಒಬ್ಬ ಮನುಷ್ಯ ಬಳಿಯುತ್ತಿದ್ದರೆ, ಕಾನೂನಿನ ಕಣ್ಣಲ್ಲಿ ಅದೂ ಹಳೇ ಬುಟ್ಟಿ ಕಕ್ಕಸ್ಸಿನ ತಮ್ಮನೇ. ರೈಲು ಬೋಗಿಗೆ ಮಾತ್ರ ಒಂದು ವಿನಾಯಿತಿಯ ಕಿಂಡಿ ಬಿಟ್ಟಿದ್ದಾರೆ, ಅದು ಬೇರೆ ಮಾತು. ಮೋರಿಗಿಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಅಂದಿತು. ಬೆಲೆ ಏರಿತು, ಇಳಿಯುವುದು ನಿಂತಿಲ್ಲ.

ಹಳ್ಳಿಯ ಮೇಷ್ಟರುಗಳಲ್ಲಿ ನಮ್ಮದೊಂದು ಕೋರಿಕೆ. 2014ರ ನಂತರ ಊರೂರಲ್ಲಿ ಕಟ್ಟಿದ ಕಕ್ಕಸ್ಸುಗಳ ಬಾಗಿಲ ಮೇಲಿನ ಬಣ್ಣದ ಬರಹ ಸಾಕಷ್ಟು ಓದಿದ್ದೀವಿ. ಇನ್ನು ಹಿಂದಕ್ಕೆ ಹೋಗಿ ಕೊಳವೆ ಎಲ್ಲಿ ಮುಗಿಯುತ್ತೆ ನೋಡೋಣ. ಜೋಡಿ ಗುಂಡಿ ಇದ್ದರೆ, ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ, ಒಂದೆರಡು ವರ್ಷ ಬಿಟ್ಟರೆ ಒಳಗಿರೋದು ಮಣ್ಣಾಗುತ್ತೆ. ಆಮೇಲೆ ಮನೆಯ ಯಜಮಾನನೇ ಅದನ್ನು ತೆಗೆದು ತನ್ನ ಹೊಲಕ್ಕೆ ಹಾಕಬಹುದು. ಬಚ್ಚಲ ನೀರನ್ನು ಆ ಗುಂಡಿಗೆ ಬಿಡಬಾರದು, ಅಷ್ಟೆ. ಗುಂಡಿಯಿಲ್ಲದೆ ಕೊಳವೆ ಚರಂಡಿಗೆ ಬಿದ್ದಿದ್ದರೆ ಆ ಮನೆಯನ್ನು ಬರೆದಿಟ್ಟುಕೊಳ್ಳಿ. ಇಂಥ ಕಕ್ಕಸ್ಸುಗಳ ಸಮೀಕ್ಷೆ ಮಾಡುವ ಹೊಣೆ ಸ್ಥಳೀಯ ಸಂಸ್ಥೆಯದು ಅಂತ ಅದೇ ಕಾಯಿದೆಯ ನಾಲ್ಕನೇ ಕಲಮು ಹೇಳುತ್ತೆ. ಅರ್ಜಿ ಬರೆಯುವಾಗ ಕಲಮಿನ ನಂಬರು ಹಾಕಿ, ಮುದ್ರೆ ಒತ್ತಿದ ಪ್ರತಿ ಇಸಕೊಂಡು ಬನ್ನಿ.