ಅರಸರ ಕಾಗದ, ನಮ್ಮವರ ಕಲ್ಲು

ಗೆಳೆಯರೆ, ಭೂತನಾಳದಿಂದ ತೊರವಿ ದೂರಿಲ್ಲ. ಅಲ್ಲಿ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರವೆಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. 1624ರಲ್ಲಿ ಅದನ್ನು ಹಾಳುಗೆಡವಿದವನು ಮಲಿಕ್ ಅಂಬರ್. ಗುಲಾಮನಾಗಿ ಮಾರಾಟವಾಗಿ ಬಂದ ಆಫ್ರಿಕಾದ ಹಬಶಿ. ಇತಿಹಾಸ ಹಿಂಗೂ ತಿರುಗತೈತಿ!

ಆದಿಲಶಾಹಿ ಮನೆತನ ತಲೆಮಾರುಗಳಿಂದ ಕೂಡಿಟ್ಟ ಗ್ರಂಥಗಳಲ್ಲಿ, 1686ರ ಸೋಲಿನ ನಂತರವೂ ವಿಜಾಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದವನ್ನು ಕಂಪನಿ ಸರ್ಕಾರ 1853ರಲ್ಲಿ ಲಂಡನ್ನಿಗೆ ಸಾಗಿಸಿತು. ಅರಬಿ, ಪಾರ್ಸಿ ಹಸ್ತಪ್ರತಿಗಳು. ಅರಮನೆಯ ಮುದ್ರೆ, ಟಿಪ್ಪಣಿ ಸಹಿತ ಇಂದೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಪುಸ್ತಕ ಒಳಗೆ ಬಂದದ್ದಕ್ಕೆ ಲೆಕ್ಕ ಐತಿ. ಕಲ್ಲು ಒಡೆದವರು, ಸುಣ್ಣ ಅರೆದವರು, ಮಣ್ಣು ಹೊತ್ತ ಹೆಣ್ಣುಮಕ್ಕಳು ಯಾವ ಹಾಳೆಯೊಳಗದಾರ?

ಮಾಸ್ತರರೆ, ಮಕ್ಕಳನ್ನು ತೊರವಿಯ ಸಂಗೀತ ಮಹಲಿಗೆ ಕರಕೊಂಡು ಹೋಗ್ರಿ. ಮೊದಲು ಗೋಡೆ ಮುಟ್ಟಲಿ. ಕಟ್ಟಿಸಿದವನ ಹೆಸರು ಆಮೇಲೆ ಹೇಳ್ರಿ.